ಕೆಂಪು ಫ್ಯೂಸು

ಭಜನೆಯ ಪದ ಏರುದನಿಗೆ ಹೋಗುವಷ್ಟರಲ್ಲಿ ಮೈಕು ಸತ್ತಿತು. ಅದರ ಹಿಂದೆಯೇ ಕಳಕವ್ವನ ಮುಖದ ಮುಂದೆ ತಿರುಗುತ್ತಿದ್ದ ಟೇಬಲ್ ಫ್ಯಾನೂ ನಿಂತಿತು. ಹೊಸ ಸೀರೆ ಉಡಿಸಿ ಗೋಡೆಗೆ ಆನಿಸಿ ಕೂಡಿಸಿದ್ದ ಹೆಣದ ಮೇಲೆ ನೊಣಗಳು ಬಂದು ಕೂತವು. ಮಾಳಪ್ಪ ಎದ್ದು, ಟವೆಲ್ಲಿನಿಂದ ಹೆಂಡತಿಯ ಮುಖಕ್ಕೆ ಗಾಳಿ ಹಾಕತೊಡಗಿದ. ತಿಂಗಳುಗಟ್ಟಲೆ ಅವಳ ಹಾಸಿಗೆಯ ಪಕ್ಕ ಕೂತು ಅದನ್ನೇ ಮಾಡಿದ್ದ ಕೈ, ಹೇಳದೆಯೇ ಆಡಿತು.

"ಫ್ಯೂಸ್ ಹೋತು," ಅಂದ.

"ಹೋಗದ ಏನ್ ಮಾಡೀತು? ಇಷ್ಟಕೊಂದು ಸಣ್ಣ ಫ್ಯೂಸ್ ಹಾಕೀರಿ," ಎಂದ ರಾಯಣ್ಣ. ಕಳಕವ್ವನ ತಮ್ಮ. ತವರಿನ ಕಡೆಯ ಸೀರೆ ತರುವುದು ಅವನ ಪಾಲಿನ ಕೆಲಸ. ಸೀರೆಯ ಜೊತೆ ಅಸೂಟಿಯ ಭಜನಾ ಮೇಳವನ್ನೂ ಅವರ ಮೈಕನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ.

ಸೂಡಿ ಊರಿನ ಆಚೆಗಿನ ಈ ಹೊಲದ ಮನೆಗೆ ಕರೆಂಟಿನ ಕಂಬ ಬರಲೇ ಇಲ್ಲ. ಮಾಡಿನ ಮೇಲೊಂದು ಸೋಲಾರ್ ಹಲಗೆ, ಮೂಲೆಯಲ್ಲೊಂದು ಬ್ಯಾಟರಿ, ನಡುವೆ ಕಾರಿಗೆ ಹಾಕುವಂಥ ಎರಡು ಕಾಲಿನ ಪುಟ್ಟ ಕೆಂಪು ಫ್ಯೂಸು. ಇಷ್ಟರಲ್ಲೇ ಸಂಸಾರ ನಡೆದಿತ್ತು. ಇವತ್ತು ಅದೇ ಬ್ಯಾಟರಿಗೆ ಮೈಕು ಸಿಕ್ಕಿಸಿದ್ದರು, ಬಂದವರೆಲ್ಲ ಫೋನು ಸಿಕ್ಕಿಸಿದ್ದರು.

ಮಾಳಪ್ಪನಿಗೆ ಮೈಕಿನ ಚಿಂತೆ ಇರಲಿಲ್ಲ. ಮಗಳು ನಾಗರತ್ನಾ ಚಿಕ್ಕನರಗುಂದದಿಂದ ಬಸ್ಸು ಬದಲಿಸುತ್ತ ಬರುತ್ತಿದ್ದಳು. 'ನಿಮ್ಮವ್ವನ ಮುಖ ಕೆಡಗೊಡೂದಿಲ್ಲವಾ, ನೀ ನೋಡೀಯಂತ' ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದ. ಹೊರಗೆ ಬಿಸಿಲು ನೆಲ ಸುಡುತ್ತಿತ್ತು.

"ಮಾವಾರ, ಇವತ್ತರೆ ಜಿಪುಣತನ ಬಿಡ್ರಿ. ಫ್ಯೂಸಿನ ಜಾಗಾಕ ಒಂದ್ ತಂತಿ ಸುತ್ತಿದ್ರ ಮುಗೀತು."

"ಬ್ಯಾಡೋ ರಾಯಣ್ಣ. ನಿಮ್ಮಕ್ಕ ಅದಕ್ಕ ಒಲ್ಲೆ ಅಂತಿದ್ಲು."

"ಅಕ್ಕನ ಸಲುವಾಗೇ ಅಲ್ಲೇನ್ರಿ ಇದೆಲ್ಲಾ?"

ಜಗಳಕ್ಕೂ ತ್ರಾಣ ಬೇಕು. ಮಾಳಪ್ಪನಲ್ಲಿ ಅದು ಉಳಿದಿರಲಿಲ್ಲ. "ಏನರೆ ಮಾಡ್ರಿ," ಎಂದು ಗಾಳಿ ಹಾಕುತ್ತ ಕೂತ.

*

ಬ್ಯಾಟರಿ ತಂದ ವರ್ಷ ಗಂಡ ಹೆಂಡತಿ ಇಬ್ಬರೂ ಫ್ಯೂಸು ತರಲು ಗಜೇಂದ್ರಗಡಕ್ಕೆ ಹೋಗಿದ್ದರು. ಉಸ್ಮಾನಸಾಬರ ಅಂಗಡಿಯಲ್ಲಿ ಬಣ್ಣಬಣ್ಣದ ಫ್ಯೂಸುಗಳ ಡಬ್ಬಿ ನೋಡಿ ಮಾಳಪ್ಪ ಹಸಿರಿಗೆ ಕೈ ಹಾಕಿದ. ಎಲ್ಲಕ್ಕಿಂತ ಗಟ್ಟಿ ಅದೇ ಎಂದು ಯಾರೋ ಹೇಳಿದ್ದರು.

"ಮದ್ಲ ವೈರ್ ತೋರಸ್ರಿ," ಎಂದರು ಸಾಬರು. ಮಾಳಪ್ಪ ಚೀಲದಿಂದ ತುಂಡು ವೈರು ತೆಗೆದ. ಸಾಬರು ಅದನ್ನು ಬೆರಳಲ್ಲಿ ಹೊಸೆದು ನೋಡಿದರು. "ಇಷ್ಟ್ ತೆಳ್ಳಗಿನ ವೈರಿಗೆ ಹತ್ತ್ ಆಂಪಿನ ಕೆಂಪು ಸಾಕ್ರಿ, ಭಾರ ಹೆಚ್ಚಾದ್ರ ತಾನ ಹರೀತೈತಿ. ಮೂವತ್ತರ ಹಸರು ಹಾಕಿದ್ರ ಫ್ಯೂಸ್ ಗಟ್ಟಿ ಉಳೀತೈತಿ, ವೈರ್ ಸುಡತೈತಿ."

"ಹರಿಯೂದನ್ನ ಯಾರರೆ ರೊಕ್ಕಾ ಕೊಟ್ಟು ತಗೋತಾರೇನ್ರಿ?" ಎಂದ ಮಾಳಪ್ಪ.

ಕಳಕವ್ವ ನಡುವೆ ಬಾಯಿ ಹಾಕಿದಳು. "ನೊಗಾ ಹೂಡುಮುಂದ ಎತ್ತಿನ ಕೊರಳಿಗೆ ಜತ್ತಿಗಿ ಪಟ್ಟಿ ಕಟ್ಟತೀವಲ್ಲ. ಎತ್ತು ಮುಗ್ಗರಿಸಿ ಬಿದ್ರ ಜತ್ತಿಗಿ ಹರೀಬೇಕು, ಕೊರಳಲ್ಲ. ಹಂಗ ಹೌದಿಲ್ರಿ?"

"ಹೌದ್ರಿ ಅಕ್ಕಾರ. ಅಷ್ಟ ಐತಿ ನೋಡ್ರಿ."

ಅವಳು ಒಂದು ಹಿಡಿ ಕೆಂಪು ಫ್ಯೂಸು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಪರರ ಮುಂದೆ ಹೆಂಡತಿಯಿಂದ ಬುದ್ಧಿ ಹೇಳಿಸಿಕೊಂಡ ಗಂಡಸು ಸೂಡಿ ಬರುವ ತನಕ ಬಸ್ಸಿನಲ್ಲಿ ಕಿಡಕಿಯ ಕಡೆಗೇ ಮುಖ ಮಾಡಿ ಕೂತಿದ್ದ.

ಆಮೇಲೆ ಫ್ಯೂಸು ಹೋದಾಗಲೆಲ್ಲ ಅವಳದೊಂದೇ ಪ್ರಶ್ನೆ: "ಏನ್ ತಗಿಯೂಣು?" ಟೀವಿ, ಬಲ್ಬು, ಔಷಧ ಹೊಡೆಯುವ ಪಂಪು ಒಟ್ಟಿಗೆ ಹಚ್ಚಿದರೆ ಒಂದನ್ನು ತೆಗೆಯಲೇಬೇಕು. ಕೇಳುವುದು ಬಾಯಿಮಾತಿಗೆ. ಅವಳು ಎದ್ದು ಹೋಗಿ ಅಡಿಗೆಮನೆಯ ಬಲ್ಬು ತೆಗೆದು, ಒಲೆಯ ಬೆಳಕಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳುವವರು ಊರ ತುಂಬ ಇದ್ದಾರೆ. ಕಳಕವ್ವ ಕಾಲು ಮಡಚಿಯೇ ಮಲಗಿದವಳು. ಮಾಳಪ್ಪ ಟೀವಿ ನೋಡುತ್ತ ಉಣ್ಣುತ್ತಿದ್ದ. ಆಗ ಅವನಿಗೆ ಅದೇನೂ ಅನ್ನಿಸಿರಲಿಲ್ಲ.

*

ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿದ್ದೇ ಮೈಕು ಮತ್ತೆ ಕೂಗಿತು, ಫ್ಯಾನು ತಿರುಗಿತು. ರಾಯಣ್ಣ ಎಲ್ಲರ ಮುಖ ನೋಡಿ ಮೀಸೆ ತೀಡಿದ. ಎರಡು ಪದ ಮುಗಿಯುವಷ್ಟರಲ್ಲಿ ರಬ್ಬರು ಸುಟ್ಟ ನಾತ ಬಂತು. ಮಾಳಪ್ಪ ತಲೆ ಎತ್ತಿದ. ತೊಲೆಯ ಗುಂಟ ಹೋದ ವೈರು ಹೊಗೆಯಾಡುತ್ತಿತ್ತು. ಅದರ ಮೇಲೆ ಜೋಳದ ಒಣ ಕಣಿಕೆ ಹೊದಿಸಿದ ಮಾಡು, ಕೆಳಗೆ ಕಳಕವ್ವ.

ಯಾರು ಏನೆನ್ನುವ ಮೊದಲೇ ಅವನು ಬ್ಯಾಟರಿಯ ಬಳಿ ಹೋಗಿ, ಸುತ್ತಿದ್ದ ತಂತಿಯನ್ನು ಬರಿಗೈಯಿಂದ ಕಿತ್ತ. ಬೆರಳು ಚುರ್ರೆಂದಿತು. ಹೊಗೆ ನಿಂತಿತು, ಫ್ಯಾನೂ ನಿಂತಿತು.

"ಮೈಕ್ ತಗೀರಿ, ಫೋನ್ ತಗೀರಿ," ಅಂದ.

"ಮೈಕ್ ಇಲ್ಲದ ಅಕ್ಕನ್ನ ಕಳಸೂದೇನ್ರಿ? ಮಂದಿ ಏನಂದಾರು?" ರಾಯಣ್ಣನ ದನಿ ಈಗ ಇಳಿದಿತ್ತು.

"ಆಕಿ ಜೀವಮಾನದಾಗ ಒಂದ್ ದಿನಾ ಒದರಿ ಮಾತಾಡಿದಾಕಿ ಅಲ್ಲಪಾ. ಹಂಗ ಹಾಡ್ರಿ. ಆಕಿಗಿ ಕೇಳತೈತಿ."

ಇನ್ನು ಫ್ಯೂಸು ಬೇಕಿತ್ತು. ಗೋಡೆಯ ಮಾಡ, ಡಬ್ಬಿ, ಜಂತಿಯ ಸಂದು ಎಲ್ಲ ಹುಡುಕಿದ. ಆಮೇಲೆ ನೆನಪಾಯಿತು. ಹಿತ್ತಿಲಲ್ಲಿ, ಮೈ ತೊಳೆದ ಜಾಗದಲ್ಲಿ, ಅವಳಿಂದ ಬಿಚ್ಚಿದ ಹಳೆಯ ಸೀರೆಯನ್ನು ಅವಳ ಜೊತೆಗೇ ಕಳಿಸಲೆಂದು ಮುದ್ದೆ ಮಾಡಿ ಇಟ್ಟಿದ್ದರು. ಸೆರಗು ಹುಡುಕಿದ. ಗಂಟು ಬಿಗಿಯಾಗಿತ್ತು, ಸುಟ್ಟ ಬೆರಳಿಗೆ ಬಗ್ಗಲಿಲ್ಲ. ಹಲ್ಲು ಹಾಕಿ ಬಿಚ್ಚಿದ. ಒಂದು ಅಡಿಕೆ ಚೂರು, ಎರಡು ಕೆಂಪು ಫ್ಯೂಸು. ಹಾಸಿಗೆ ಹಿಡಿದ ಮೇಲೂ ಸೀರೆ ಬದಲಿಸಿದಾಗಲೆಲ್ಲ ಗಂಟನ್ನೂ ಬದಲಿಸಿಕೊಂಡಿದ್ದಳು. ಮಾಳಪ್ಪ ಸೀರೆಯಲ್ಲಿ ಮುಖ ಇಟ್ಟು, ಬೆಳಗಿನಿಂದ ಬಾರದಿದ್ದ ಅಳುವನ್ನು ಅತ್ತ.

ಒಂದನ್ನು ಸಿಕ್ಕಿಸಿದ. ಇನ್ನೊಂದನ್ನು ತನ್ನ ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡ. ಫ್ಯಾನು ತಿರುಗಿತು.

ನಾಗರತ್ನಾ ಬಂದಾಗ ಮೇಳದವರು ಮೈಕಿಲ್ಲದೆ ಮೆಲ್ಲಗೆ ಹಾಡುತ್ತಿದ್ದರು. ಕಳಕವ್ವನ ಹಣೆಯ ಮೇಲೆ ಎರಡು ಬಿಳಿಗೂದಲು ಗಾಳಿಗೆ ಆಡುತ್ತಿದ್ದವು. ಮಗಳು ಅವನ್ನು ಹಿಂದಕ್ಕೆ ಸವರಿ, "ಮಲಗಿದಂಗ ಅದಾಳಲ್ಲಪಾ," ಎಂದು ಅವಳ ತೊಡೆಯ ಮೇಲೆ ಬಿದ್ದಳು.

*

ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದಾಗ ಹೊತ್ತು ಇಳಿದಿತ್ತು. ಕಳಕವ್ವ ಕೂತಿದ್ದ ಜಾಗವನ್ನು ಸಾರಿಸಿ, ರಾಯಣ್ಣನ ಹೆಂಡತಿ ಅನ್ನಪೂರ್ಣಾ ಅಲ್ಲೊಂದು ಎಣ್ಣೆಯ ದೀಪ ಹಚ್ಚಿದಳು. ಹಚ್ಚಿದ್ದು ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಫ್ಯಾನು ಇನ್ನೂ ಆ ಗೋಡೆಗೇ ಗಾಳಿ ಬೀಸುತ್ತಿತ್ತು. ಯಾರಿಗೂ ಅದರ ನೆನಪು ಇರಲಿಲ್ಲ.

"ಅಣ್ಣಾರ, ದೀಪ ನಿಂದ್ರವಲ್ದು. ಏನ್ ಮಾಡೂಣ್ರಿ?"

ಮಾಳಪ್ಪ ಫ್ಯಾನಿನ ಮುಂದೆ ಹೋಗಿ ನಿಂತ. ಗಾಳಿ ಅವನ ಒದ್ದೆ ಅಂಗಿಗೆ ಬಡಿಯಿತು. ಟವೆಲ್ಲಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಯಾರನ್ನೋ ಕೇಳುವಂತೆ, "ಏನ್ ತಗಿಯೂಣು?" ಅಂದ.

ಅನ್ನಪೂರ್ಣಾ ಕಡ್ಡಿ ಗೀರಿ, ಉರಿಗೆ ಅಂಗೈ ಮರೆ ಮಾಡಿ ಕಾಯ್ದಳು. ಅವನು ಬಗ್ಗಿ ಫ್ಯಾನಿನ ವೈರು ತೆಗೆದ. ರೆಕ್ಕೆಗಳು ತಾವಾಗಿಯೇ ಇನ್ನಷ್ಟು ಹೊತ್ತು ತಿರುಗಿ, ನಿಧಾನವಾಗಿ, ಒಂದೊಂದಾಗಿ ಕಾಣತೊಡಗಿದವು.