ತೇಲುವ ಎಣ್ಣೆ

"ಅಮ್ಮನ ಮೂಳೆ ಮುರಿದದ್ದು ಬಿದ್ದದ್ದಕ್ಕಲ್ಲ ಅತ್ತಿಗೆ, ನೀವು ಉಪವಾಸ ಕೆಡವಿದ್ದಕ್ಕೆ," ಎಂದಳು ನಾದಿನಿ. ಆಸ್ಪತ್ರೆಯ ವಾರ್ಡು. ಸುತ್ತಲಿನ ಹಾಸಿಗೆಗಳ ಕಿವಿಯೆಲ್ಲ ನಮ್ಮ ಕಡೆಗೇ. ನನ್ನ ಗಂಡ ನೆಲದ ಕಲ್ಲುಗಳನ್ನು ಎಣಿಸುತ್ತ ನಿಂತಿದ್ದ.

ಮನೆಯ ಮುಂಭಾಗದಲ್ಲೇ ನಮ್ಮ ಟೈಲರ್ ಅಂಗಡಿ. ಅತ್ತೆ ಬಟ್ಟೆ ಕತ್ತರಿಸುತ್ತಾರೆ, ನಾನು ಹೊಲಿಯುತ್ತೇನೆ. ಅವತ್ತು ಅತ್ತೆ ಕಪಾಟಿನಿಂದ ಲೈನಿಂಗ್ ಬಟ್ಟೆ ತೆಗೆದುಕೊಂಡು ಗೇಣೆತ್ತರದ ಮಣೆಯಿಂದ ಕೆಳಗೆ ಕಾಲಿಟ್ಟರು ಅಷ್ಟೇ, ತೊಡೆಯ ಮೂಳೆ ಲಟ್ಟೆಂದಿತು. ಬಿದ್ದದ್ದು ಆಮೇಲೆ. ಆಪರೇಷನ್ ಮಾಡಿ ಸರಳು ಕೂರಿಸಿದ ಡಾಕ್ಟರಮ್ಮ, "ಮೂಳೆ ನೆನೆದ ಸೀಮೆಸುಣ್ಣದ ಹಾಗಿದೆ. ಇನ್ನೊಂದು ಕಾಲೂ ಹೀಗೇ ಹೋಗಬಹುದು. ಊಟ ಸರಿಯಾಗಿ ಮಾಡ್ತಾರಾ?" ಎಂದು ಕೇಳಿದ್ದರು. ನಾದಿನಿಗೆ ಅಷ್ಟು ಸಾಕಾಯಿತು.

ಅತ್ತೆ ಇಳಿದುಹೋಗಿದ್ದು ನಿಜ. ತಮ್ಮ ಬಟ್ಟೆಯ ಪಕ್ಕದ ಹೊಲಿಗೆಯನ್ನು ತಾವೇ ಒಳಗೆ ಹಿಡಿದುಕೊಳ್ಳುತ್ತಿದ್ದರು, ಹೊಲಿಯುವ ನನ್ನ ಕಣ್ಣಿಗೂ ಬೀಳದಷ್ಟು ಅಚ್ಚುಕಟ್ಟಾಗಿ. ಆದರೆ ಉಪವಾಸವೇ? ನನ್ನ ತಟ್ಟೆಗಿಂತ ಅವರ ತಟ್ಟೆಗೇ ಬೆಣ್ಣೆ ಹೆಚ್ಚು ಬೀಳುತ್ತಿತ್ತು. ಮೊಟ್ಟೆ, ಹಾಲು, ಯಾವುದಕ್ಕೂ ಬೇಡ ಎಂದವರಲ್ಲ. ತಿಂದದ್ದೆಲ್ಲ ಎಲ್ಲಿಗೆ ಹೋಯಿತು?

ಅದು ನನಗೆ ಹಿಂದಿನ ದಿನವೇ ತಿಳಿದಿತ್ತು. ಮನೆಯಲ್ಲಿ ಅತ್ತೆಯದು ಒಂದು ಕಟ್ಟಪ್ಪಣೆ: ಕಕ್ಕಸು ತೊಳೆಯುವವರು ಅವರೇ, ಬೇರೆ ಯಾರೂ ಬ್ರಷ್ಷು ಮುಟ್ಟಕೂಡದು. ಶುಚಿಯ ಹುಚ್ಚು ಎಂದು ನಾವು ನಗುತ್ತಿದ್ದೆವು. ಆಸ್ಪತ್ರೆಯಲ್ಲಿ ಬೆಡ್‌ಪ್ಯಾನ್ ಎತ್ತಿದಾಗ ನಿಜವಾದ ಕಾರಣ ಕಂಡಿತು. ಮಾಸಿದ ಮಣ್ಣಿನ ಬಣ್ಣ, ಮೇಲೆ ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯಂಥ ಪಸೆ. ನೀರು ಸುರಿದರೆ ತೇಲಿತು. ಇನ್ನಷ್ಟು ಸುರಿದೆ, ಮುಳುಗಲಿಲ್ಲ. ನಾತವಂತೂ ಕೇಳಲೇಬೇಡಿ.

"ಇದು ಯಾವಾಗಿಂದ ಅತ್ತೆ?"

ಅವರು ನನ್ನ ಮಣಿಕಟ್ಟು ಹಿಡಿದರು. "ಬಾಯಿ ಬಿಟ್ಟೀಯ, ಜೋಕೆ! ಊರಿಗೆಲ್ಲ ಅಳತೆ ತೆಗೆದವಳು ನಾನು. ನನ್ನ ಹೇಲಿನ ಸುದ್ದಿ ಈ ವಾರ್ಡಲ್ಲಿ ಆಡಿದ್ರೆ ನಿನ್ನ ಮುಖ ನೋಡಲ್ಲ. ಮಾತಾಡಲ್ಲ ಅಂತ ಆಣೆ ಮಾಡು."

"ಇನ್ನೊಂದು ಕಾಲು ಹೋದ್ರೆ?"

"ಹೋಗ್ಲಿ. ಮಾನ ಇರ್ಲಿ."

ಅಳುತ್ತಿದ್ದರು. ಆಣೆ ಮಾಡಿದೆ. ರಾತ್ರಿಯಿಡೀ ಹಲ್ಲು ಕಡಿದೆ.

ಈಗ ನಾದಿನಿ ಚೀಲ ತುಂಬುತ್ತಿದ್ದಳು. "ಅಮ್ಮ ನಮ್ಮನೆಗೆ ಬರ್ತಾಳೆ. ದಿನಾ ಬೆಣ್ಣೆ ತಿನ್ನಿಸ್ತೀನಿ. ಕೆಲವರ ಹಾಗೆ ಮೂಗಿಗೆ ತುಪ್ಪ ಸವರಲ್ಲ."

"ತಿನ್ನಿಸು ತಾಯಿ. ತೊಳೆಯೋದನ್ನೂ ಕಲ್ತುಕೋ," ಎಂದುಬಿಟ್ಟೆ.

ಅತ್ತೆಯ ಕಣ್ಣು ನನ್ನನ್ನು ಸುಟ್ಟಿತು. ನಾಲಿಗೆ ಕಚ್ಚಿಕೊಂಡೆ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. "ಕ್ಯಾಲ್ಸಿಯಂ ಮಾತ್ರೆ ಬರೆದಿದ್ದೀನಿ, ಮನೆಗೆ ಹೋಗಬಹುದು. ಬೇರೆ ಏನಾದ್ರೂ ತೊಂದರೆ ಇದೆಯಾ ಅಮ್ಮ? ಹೊಟ್ಟೆ ಸರಿಯಿದೆಯಾ?"

"ಕಲ್ಲು ತಿಂದ್ರೂ ಕರಗತ್ತೆ," ಎಂದರು ಅತ್ತೆ.

ಡಾಕ್ಟರಮ್ಮ ಪಕ್ಕದ ಹಾಸಿಗೆಗೆ ತಿರುಗಿದರು. ನಾಳೆ ಇನ್ನೊಂದು ಮಣೆ, ಇನ್ನೊಂದು ಲಟ್ಟೆಂಬ ಸದ್ದು, ಆಗ ನಾನು ಹತ್ತಿರವೂ ಇರುವುದಿಲ್ಲ. ನನ್ನ ತಲೆ ಕೆಟ್ಟಿತು. ನಾದಿನಿಯ ರಂಪದಲ್ಲಿ ಬೆಳಗಿನ ಬೆಡ್‌ಪ್ಯಾನ್ ಇನ್ನೂ ಮಂಚದಡಿಯಲ್ಲೇ ಇತ್ತು. ಎಳೆದು ತಂದು, ಡಾಕ್ಟರಮ್ಮನ ದಾರಿಗೆ ಅಡ್ಡ ನಿಂತು, ಮುಚ್ಚಿದ್ದ ಬಟ್ಟೆ ಕಿತ್ತೆಸೆದೆ.

"ಮಾತಾಡಲ್ಲ ಅಂತ ಆಣೆ ಮಾಡಿದ್ದೀನಿ. ನೀವೇ ನೋಡಿ."

ನಾದಿನಿ ಮೂಗು ಮುಚ್ಚಿಕೊಂಡು ಗೋಡೆಗೆ ಅಂಟಿದಳು. ಡಾಕ್ಟರಮ್ಮ ಮೂಗು ಮುಚ್ಚಲಿಲ್ಲ. ಬಗ್ಗಿ ನೋಡಿದರು. "ಎಷ್ಟು ಕಾಲದಿಂದ ಹೀಗೆ, ಅಮ್ಮ?"

ಅತ್ತೆ ಮುಖ ತಿರುಗಿಸಿದ್ದರು. ಗೋಡೆಗೆ ಹೇಳಿದರು: "ಎರಡು ವರ್ಷ."

ಅವತ್ತು ಮನೆಗೆ ಕಳಿಸಲಿಲ್ಲ. ಪರೀಕ್ಷೆಗಳು ಮುಗಿದ ಮೇಲೆ ಡಾಕ್ಟರಮ್ಮ ನಮ್ಮೆಲ್ಲರನ್ನೂ ಕೂರಿಸಿ ಹೇಳಿದರು: "ಕೊಬ್ಬು ಅರಗಿಸೋ ರಸ ಇವರ ಹೊಟ್ಟೇಲಿ ಸಾಲ್ತಿಲ್ಲ. ತಿಂದ ಕೊಬ್ಬು ಹಾಗೇ ಹೊರಗೆ ಹೋಗತ್ತೆ. ಹೋಗೋವಾಗ ವಿಟಮಿನ್ ಡಿ ನೂ ಕರ್ಕೊಂಡು ಹೋಗತ್ತೆ. ಅದಿಲ್ದೆ ಕ್ಯಾಲ್ಸಿಯಂ ಮೂಳೆಗೆ ಸೇರಲ್ಲ. ಬರೀ ಬೆಣ್ಣೆ ತಿನ್ನಿಸಿದ್ರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ." ವಿಟಮಿನ್ನಿಗೆ ಇಂಜೆಕ್ಷನ್, ಪ್ರತಿ ಊಟದ ಜೊತೆ ಆ ರಸದ ಕ್ಯಾಪ್ಸೂಲು. "ಮಲ ತೇಲೋದು ನಿಂತ್ರೆ ಔಷಧಿ ಹಿಡೀತು ಅಂತ ತಿಳ್ಕೊಳ್ಳಿ," ಎಂದರು.

ನಾದಿನಿ ತುಂಬಿದ ಚೀಲವನ್ನು ತಾನೇ ನಮ್ಮ ಮನೆಗೆ ಹೊತ್ತು ತಂದಳು. ಕ್ಷಮೆ ಕೇಳಲಿಲ್ಲ, ನಾನೂ ಕೇಳಿಸಿಕೊಳ್ಳಲು ಕಾಯಲಿಲ್ಲ.

ಅತ್ತೆ ಮಾತು ಬಿಟ್ಟರು. ಎದುರಿಗೇ ಇದ್ದರೂ ಮಗನಿಗೆ ಹೇಳುವರು, "ಅವಳಿಗೆ ಹೇಳು, ಕತ್ತರಿ ಮೊಂಡಾಗಿದೆ." ಉದ್ದ ಹಿಡಿಯ ಬ್ರಷ್ಷು ತರಿಸಿಕೊಂಡು ಕಕ್ಕಸನ್ನು ಮತ್ತೆ ತಮ್ಮ ವಶಕ್ಕೆ ತೆಗೆದುಕೊಂಡರು. ವಾಕರ್ ಹಿಡಿದು ಒಳಗೆ ಹೋದರೆ ಚಿಲಕ. ನಾನು ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ, ಲಟ್ಟೆಂಬ ಸದ್ದು ಕೇಳೀತೆಂದು.

ಒಂದು ಬೆಳಗ್ಗೆ ಚಿಲಕ ತೆಗೆದ ಸದ್ದಾಯಿತು.

"ಲೇ! ಬಾರೇ ಇಲ್ಲಿ!"

ಬಾಗಿಲು ನೂಕಿದೆ. ಅತ್ತೆ ಗೋಡೆ ಹಿಡಿದು ಎರಡೂ ಕಾಲ ಮೇಲೆ ನಿಂತಿದ್ದರು.

"ನೋಡು," ಎಂದರು.

ನೋಡಿದೆ. ಮುಳುಗಿತ್ತು.

"ಬೆಡ್‌ಪ್ಯಾನ್ ಎತ್ತಿ ಊರಿಗೆಲ್ಲ ತೋರಿಸಿದೆಯಲ್ಲ, ಬಜಾರಿ," ಎಂದು ಬ್ರಷ್ಷು ನನ್ನ ಕೈಗೆ ಕೊಟ್ಟರು. "ಇನ್ಮೇಲೆ ನೀನೇ ತೊಳಿ."