ಬಂಕ್ ಹೊಡೆದ ತುಟಿ

"ಶಾಲೆಗೆ ಬಂಕ್ ಹೊಡೆದ, ಈಗ ಕೆಲಸಕ್ಕೂ ಹೊಡೀತಾನೆ. ನಾಳೆ ಯಾರಾದ್ರೂ ಹೆಣ್ಣು ಕೊಟ್ರೆ ಮದುವೆಗೂ ಬಂಕ್ ಹೊಡೀತಾನೆ. ಅಂಥ ಅಪ್ಪನಿಗೆ ಇಂಥ ದಂಡಪಿಂಡ."

ಸೋಫಾ, ಕುರ್ಚಿಗಳಿಗೆ ಮೆತ್ತೆ ಕೂರಿಸುವ ಆ ಕಾರ್ಖಾನೆಯಲ್ಲಿ ಯಜಮಾನರು ಇದನ್ನು ಹೇಳಿದ್ದು ಎಲ್ಲರೂ ಚಹಾಕ್ಕೆ ಕೂತಾಗ, ಒಂದು ಕಿವಿಗೂ ತಪ್ಪದ ಹಾಗೆ. ಎಲ್ಲರೂ ಗೊಳ್ಳೆಂದು ನಕ್ಕರು. ಹೊಲಿಗೆ ಮಿಷನ್ನಿನ ಅಕ್ಕ ಒಬ್ಬಳೇ ಲೋಟದೊಳಗೆ ನೋಡಿಕೊಂಡಳು.

ಬೈಸಿಕೊಂಡ ಹುಡುಗನಿಗೆ ಅಲ್ಲಿ ಬೆಂಕಿಪೊಟ್ಟಣ ಅಂತಲೇ ಹೆಸರು. ಗೀರಿದರೆ ಸಾಕು, ಹತ್ತಿಕೊಳ್ಳುತ್ತಿದ್ದ. ಆದರೆ ಆಗ ಅವನಿನ್ನೂ ಕುರ್ಚಿ ಮುಗಿಸುತ್ತಿದ್ದ; ಬಾಯಿ ತುಂಬ ಸಣ್ಣ ಮೊಳೆಗಳು. ಒಂದು ಕೈ ಬಟ್ಟೆ ಎಳೆದು ಹಿಡಿಯಬೇಕು, ಇನ್ನೊಂದು ಸುತ್ತಿಗೆ ಬೀಸಬೇಕು. ಮೊಳೆಗೆ ಉಳಿಯುವ ಜಾಗ ಬಾಯೊಂದೇ. ಕಲಿಸಿದ್ದು ಅಪ್ಪ. "ಬಾಯಲ್ಲಿ ಮೊಳೆ ಇರುವಾಗ ನಗಬಾರದು, ಬೈಯಬಾರದು ಮಗನೇ. ನಿನಗಂತಲೇ ಹೇಳಿ ಮಾಡಿಸಿದ ಕಸುಬು."

ಅಪ್ಪ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾನೆ ಅಂತ ಯಜಮಾನರು ನಂಬಿದ್ದರು. ವಾಸಿಯಾಗಿ ಬರುತ್ತಾನೆ ಅಂತಲೇ ಅಪ್ಪನ ಬೆಂಚು ಖಾಲಿ ಇತ್ತು, ಅವನ ಸುತ್ತಿಗೆ ಗೋಡೆಯಲ್ಲೇ ಇತ್ತು. ನಿಜವೆಂದರೆ ಕಾಲು ನೆಟ್ಟಗಿತ್ತು, ಸೊಟ್ಟಗಾಗಿದ್ದು ಬಾಯಿ. ಒಂದು ಬೆಳಗ್ಗೆ ಏಳುವಷ್ಟರಲ್ಲಿ ಮುಖದ ಎಡಭಾಗ ಜೋತುಬಿದ್ದಿತ್ತು. ಮೊಳೆ ಹಿಡಿಯದ ಬಾಯಿಗೆ ಇಲ್ಲಿ ಬೆಂಚು ಸಿಗುವುದಿಲ್ಲ. ಯಾರಿಗೂ ಹೇಳಬೇಡ ಅಂತ ಅಪ್ಪ ಇವನಿಂದ ಆಣೆ ಹಾಕಿಸಿಕೊಂಡಿದ್ದ.

ಅಮ್ಮ ಹಗಲೆಲ್ಲ ಬೇರೆಯವರ ಮನೆಗೆಲಸದಲ್ಲಿರುತ್ತಿದ್ದಳು. ಮಧ್ಯಾಹ್ನ ಇವನು ಎಂದಿನಂತೆ ಕಾರ್ಖಾನೆಯ ಹಿಂಬಾಗಿಲಿನಿಂದ ಮನೆಗೆ ಜಾರಿಕೊಂಡ.

ಅಪ್ಪ ಕನ್ನಡಿಯ ಮುಂದೆ ಕೂತಿದ್ದ. "ಬಂಕ್ ಹೊಡೆದ್ಯಾ?"

"ಹ್ಞೂಂ. ಊಟ ಮಾಡು."

ಹಿಂದೆ ಬಂಕ್ ಅನ್ನುವ ಮಾತಿಗೆ ಇದೇ ಮನೆಯಲ್ಲಿ ಬೆನ್ನಿಗೆ ಏಟು ಬೀಳುತ್ತಿತ್ತು. ಈಗ ಅದು ಮನೆಮಂದಿಯ ಹಾಗೆ ಓಡಾಡಿಕೊಂಡಿತ್ತು. ನಲ್ಲಿಯಲ್ಲಿ ನೀರು ಬರದಿದ್ದರೆ ನೀರು ಬಂಕ್. ಅಮ್ಮನಿಗೆ ಕಣ್ಣು ಹತ್ತದಿದ್ದರೆ ನಿದ್ದೆ ಬಂಕ್.

ತುತ್ತು ಕೊಟ್ಟು, ಗಲ್ಲಕ್ಕೆ ಇಳಿದಿದ್ದನ್ನು ತೋಳಿನಿಂದ ಒರೆಸಿ, ಇವನು ಡಾಕ್ಟರು ತೋರಿಸಿದ ಹಾಗೆ ಕೆನ್ನೆ ಉಬ್ಬಿಸಿದ. "ನೀನೂ ಉಬ್ಬಿಸು."

"ಥೇಟ್ ಕಪ್ಪೆ," ಅಂದ ಅಪ್ಪ. ನಗು ಒಂದೇ ಕಡೆ ಬಂತು. "ಬಲಗಡೆ ಹಾಜರ್, ಎಡಗಡೆ ಬಂಕ್."

ಆಮೇಲೆ ತುಟಿಯಲ್ಲಿ ಹಿಡಿದು ನೋಡ್ತೀನಿ, ಮೊಳೆ ಕೊಡು ಅಂತ ಕೈ ಚಾಚಿದ.

"ನುಂಗಿಬಿಟ್ರೆ? ಸುಮ್ನಿರಪ್ಪ." ಒಲೆಯ ಪಕ್ಕದಿಂದ ಒಂದು ಬೆಂಕಿಕಡ್ಡಿ ತಂದು, ಮದ್ದು ಕಿತ್ತು, ಅಪ್ಪನ ಎಡಗಡೆಯ ತುಟಿಗಳ ನಡುವೆ ಇಟ್ಟ. ಕಡ್ಡಿ ನಡುಗಿತು, ವಾಲಿತು. ಬೀಳಲಿಲ್ಲ. ಇಬ್ಬರೂ ಕನ್ನಡಿಯೊಳಗೇ ನೋಡಿಕೊಂಡರು. ನೇರ ನೋಡಿದರೆ ಬಿದ್ದುಹೋಗುತ್ತದೇನೋ ಅನ್ನುವ ಹಾಗೆ.

"ಇನ್ನು ಸ್ವಲ್ಪ ದಿನ ನನ್ನ ಬೆಂಚು ಕಾಯ್ತಿರು, ಮರಿ," ಅಂದ ಅಪ್ಪ, ಕಡ್ಡಿಯನ್ನು ಅವನ ಅಂಗೈಗೆ ಹಾಕುತ್ತ.

ವಾಪಸ್ಸು ಬಂದಾಗ ಯಜಮಾನರು ಹಿಂಬಾಗಿಲಲ್ಲೇ ನಿಂತಿದ್ದರು. ಒಳಗೆ ಒಂದು ಸುತ್ತಿಗೆಯೂ ಸದ್ದು ಮಾಡುತ್ತಿರಲಿಲ್ಲ.

"ಬಂದ್ರಾ ಮಹಾರಾಜ್ರು? ಎಲ್ಲಿಗೆ ಹೋಗಿದ್ದೆ ಅಂತ ಬಾಯಿ ಬಿಡು, ಇವತ್ತಿಗೆ ಬಿಟ್ಟೆ. ಇಲ್ಲಾಂದ್ರೆ ನಿನ್ನ ಸುತ್ತಿಗೆ ಇಲ್ಲಿಡು, ಹಿತ್ತಲಲ್ಲಿ ಹಳೇ ಸೋಫಾ ಬಿಚ್ಚಿ ಧೂಳು ತಿನ್ನು. ನಿಮ್ಮಪ್ಪನ ಮುಖ ನೋಡಿ ಇಟ್ಕೊಂಡಿದ್ದೀನಿ, ಗೊತ್ತಿರಲಿ."

ಈ ಸಲ ಬಾಯಲ್ಲಿ ಮೊಳೆ ಇರಲಿಲ್ಲ. ಅಪ್ಪನ ಮುಖ ಅಂದಿದ್ದಕ್ಕೆ ಎದೆಯಿಂದ ಎದ್ದ ಮಾತು ಹಲ್ಲಿನ ತನಕ ಬಂತು. ನಿಜ ಹೇಳಿದ್ದರೆ ಅಲ್ಲಿದ್ದವರೆಲ್ಲ ನಾಚಿ ತಲೆ ತಗ್ಗಿಸುತ್ತಿದ್ದರು, ಆದರೆ ಅಪ್ಪನ ಬೆಂಚಿಗೆ ಸಂಜೆಯೊಳಗೆ ಬೇರೊಬ್ಬ ಬರುತ್ತಿದ್ದ.

ಜೇಬಿನಿಂದ ಆ ಕಡ್ಡಿ ತೆಗೆದು ತುಟಿಯಲ್ಲಿ ಕಚ್ಚಿ ಹಿಡಿದ. ಇನ್ನೂ ಒದ್ದೆಯಾಗಿತ್ತು. ತನ್ನ ಸುತ್ತಿಗೆಯನ್ನು ಯಜಮಾನರ ಕಾಲ ಬಳಿ ಮೆಲ್ಲಗೆ ಇಟ್ಟು, ಗೋಡೆಯಲ್ಲಿದ್ದ ಅಪ್ಪನ ಸುತ್ತಿಗೆಯನ್ನೊಮ್ಮೆ ನೋಡಿ, ಹಿತ್ತಲ ಕಡೆ ನಡೆದ.