ಹಾಲುಹಲ್ಲಿನ ಕುರಿಗಳು

ನಮ್ಮ ಕಂಪನಿಯ ಯಂತ್ರವನ್ನು ಹೊಗಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹಿಂದೆ ಒಂದು ಅಣುವಿನ ಶಕ್ತಿ ಲೆಕ್ಕ ಹಾಕಲು ಕಂಪ್ಯೂಟರ್ ದಿನಗಟ್ಟಲೆ ಒದ್ದಾಡುತ್ತಿತ್ತು. ಇದು ಅಂಥ ಲಕ್ಷಾಂತರ ಲೆಕ್ಕಗಳನ್ನು ನೋಡಿ ಕಲಿತಿದ್ದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಡುತ್ತದೆ. ತಾನೇ ಹೊಸ ಅಣು ಕಟ್ಟುತ್ತದೆ, ತಾನೇ ಅಳೆಯುತ್ತದೆ, ತಾನೇ ಮುಂದಿನದನ್ನು ಆರಿಸುತ್ತದೆ. ಆದೋನಿಯ ಆಫೀಸಿನಲ್ಲಿ ನಮಗೆ ಉಳಿದದ್ದು ಚಹಾ ಕುಡಿಯುವ ಕೆಲಸ.

ಕುರಿಗಳ ಹೊಟ್ಟೆಹುಳಕ್ಕೆ ಔಷಧಿ ಹುಡುಕಲು ಅದಕ್ಕೆ ಗುಡ್ಡದ ಒಂದು ಸೊಪ್ಪನ್ನು ಪರಿಚಯಿಸಿದವಳು ನಾನು. ಆ ಸೊಪ್ಪಿನ ಹೆಸರು ಬರೆಯಲಾರೆ. ಮದ್ದಿಕೇರದಲ್ಲಿ ಕುರಿ ಸಾಕುವ ನನ್ನಪ್ಪ ಜಂಬಪ್ಪ, ಹುಳವಾದ ಹನ್ನೊಂದು ಕುರಿಗಳಿಗೆ ಅದರ ರಸ ಕುಡಿಸಿ, ವಾರಕ್ಕೊಮ್ಮೆ ಫೋನಿನಲ್ಲಿ ಪ್ರತಿ ಕುರಿಯ ತೂಕ, ಹಲ್ಲು, ಮೇವು ಹೇಳುತ್ತಿದ್ದ. ಕಿವಿಗೆ ನಂಬರಿನ ಬಿಲ್ಲೆ ಹೊಡೆಯಲು ಬಿಡಲಿಲ್ಲ, ಹೆಸರೇ ಸಾಕು ಎಂದ. ನಾನು ಒಪ್ಪಿದೆ. ಅದೇ ನನ್ನ ತಪ್ಪು.

ಹನ್ನೊಂದೂ ಚೆನ್ನಾಗಿವೆ ಎಂದು ಓದಿಕೊಂಡ ಯಂತ್ರ ವಿಚಿತ್ರವಾಗಿ ನಡೆದುಕೊಳ್ಳತೊಡಗಿತು. ಹುಳವನ್ನು ಬಿಟ್ಟು, ಕುರಿಯ ಹೃದಯದ ಪ್ರೋಟೀನಿಗೆ ಬಿಗಿಯಾಗಿ ಅಂಟುವ ಅಣುಗಳನ್ನೇ ಆರಿಸಿತು. ಪ್ರತಿ ಸುತ್ತಿನಲ್ಲೂ ಇನ್ನಷ್ಟು ಬಿಗಿ. ಸೊಪ್ಪಿನ ರಸ ಹೃದಯಕ್ಕೆ ಅಂಟುವಂಥದು, ಕುರಿಗಳು ಚೆನ್ನಾಗಿರುವುದು ಅದರಿಂದಲೇ ಎಂದು ಅದು ಕಲಿತಿತ್ತು. ಅನುಮಾನ ಬಂದು ಅಪ್ಪ ಹೇಳಿದ ಲೆಕ್ಕದ ಪಟ್ಟಿ ತೆಗೆದು ನೋಡಿದೆ. ಬೆಳ್ಳಿ ಎಂಬ ಕುರಿಗೆ ಮೊದಲ ವಾರ ಆರು ಹಲ್ಲು, ಅಂದರೆ ಮೂರು ವರ್ಷದ ವಯಸ್ಸು; ನಾಲ್ಕನೇ ವಾರ ಹಾಲುಹಲ್ಲು, ವರ್ಷವೂ ತುಂಬದ್ದು. ಕೆಂಚಿಗೂ ಹಾಗೆಯೇ. ಹನ್ನೊಂದೂ ಕುರಿಗಳು ತಿಂಗಳೊಳಗೆ ಮರಿಗಳಾಗಿದ್ದವು.

ಮ್ಯಾನೇಜರ್ ಸಿದ್ದಲಿಂಗೇಶ್‌ಗೆ ಕುಣಿಯುವಷ್ಟು ಖುಷಿ. ಮುಪ್ಪಿಗೇ ಮದ್ದು ಸಿಕ್ಕಿತು ಎಂದ. ಮರುದಿನ ಬೆಳಿಗ್ಗೆ ಉರುಕುಂದದ ಕಡೆ ಇನ್ನೂರು ಕುರಿಗಳಿಗೆ ಯಂತ್ರದ ಪಟ್ಟಿಯ ತುದಿಯಲ್ಲಿದ್ದ ಅಣುವನ್ನು ಕುಡಿಸುವುದಿತ್ತು. ಲೆಕ್ಕದಲ್ಲಿ ಏನೋ ತಪ್ಪಿದೆ, ನಿಲ್ಲಿಸಿ ಎಂದು ಬೇಡಿಕೊಂಡೆ. ಅನುಮಾನ ಬೇಡ, ಯಾವ ಕುರಿ ಯಾವತ್ತು ಏನಾಯಿತು ಎಂದು ಬರೆದು ಕೊಡು, ಯಂತ್ರವೇ ನಿಲ್ಲಿಸುತ್ತದೆ ಎಂದ.

ಅವತ್ತೇ ಮಧ್ಯಾಹ್ನ ಮದ್ದಿಕೇರ ತಲುಪಿದೆ. ಬೇವಿನ ನೆರಳಲ್ಲಿ ಹಿಂಡು ಮಲಗಿತ್ತು. ಅಪ್ಪನಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಬೆಳ್ಳಿ ಎಲ್ಲಿ ಎಂದರೆ ಎಳೆಯ ಮರಿಯೊಂದನ್ನು ತೋರಿಸಿದ. ಮೊದಲಿನ ಬೆಳ್ಳಿ ಎಂದೆ. ಮರಿಯ ಕೊರಳಿನ ಗೆಜ್ಜೆಯನ್ನು ಸರಿಮಾಡಿದ.

"ಹೋದದ್ದರ ಜಾಗ ಅವತ್ತೇ ತುಂಬಬೇಕವ್ವ. ಅದೇ ಹೆಸರು, ಅದೇ ಗೆಜ್ಜೆ. ಹೋತು ಅಂತ ಬಾಯಿಬಿಟ್ಟು ಹೇಳಿದ್ರ, ಈಗ ಆ ಹೆಸರು ಹೊತ್ತದ್ದಕ್ಕೂ ತಗಲ್ತೈತಿ."

ಐದನೇ ತರಗತಿಯಿಂದ ಹಾಸ್ಟೆಲ್ಲಿನಲ್ಲಿ ಬೆಳೆದ ನನಗೆ ಇದು ತಿಳಿದಿರಲಿಲ್ಲ. ಯಾರೂ ಬಾಯಿಬಿಡದ ರೂಢಿ ಯಾರಿಗೆ ತಾನೆ ತಿಳಿಯುತ್ತದೆ. ಅಪ್ಪನ ಮೇಲೆ ಸಿಟ್ಟು ಬಂತು, ಪಾಪವೆನಿಸಿತು, ನನ್ನ ಮೇಲೆ ಅಸಹ್ಯವಾಯಿತು.

"ನೀ ಹೇಳಲಿಲ್ಲಂದ್ರ ನಾಳೆ ಇನ್ನೂರು ಸಾಯ್ತಾವಪ್ಪ," ಎಂದೆ.

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಬೆಳ್ಳಿ, ಎಂದ, ಅದು ಹೋದ ದಿನ ಹೇಳಿದ. ನೆರಳಲ್ಲಿದ್ದ ಮರಿ ಎದ್ದು ಬಂದು ಅವನ ಮೊಣಕಾಲಿಗೆ ಮೂತಿ ಒತ್ತಿತು. ನಾನು ಫೋನಿನಲ್ಲಿ ಅದರ ಹೆಸರಿನ ಮುಂದೆ 'ಸತ್ತಿದೆ' ಎಂದು ತುಂಬಿದೆ. ಕೆಂಚಿ ಎಂದ. ಇನ್ನೊಂದು ಮರಿ ಎದ್ದಿತು. ಅಪ್ಪ ನಿಲ್ಲಿಸಲಿಲ್ಲ. ಸತ್ತವೆಂದು ಹೇಳಿದ ಹನ್ನೊಂದೂ ಬಂದು ಅವನ ಸುತ್ತ ನಿಂತವು.

ಎಲ್ಲ ಕಳಿಸಿದ ನಾಲ್ಕು ನಿಮಿಷಕ್ಕೆ ಆ ಅಣು ಪಟ್ಟಿಯ ತುದಿಯಿಂದ ತಳಕ್ಕೆ ಬಿತ್ತು. ನಾಳೆಯ ಪ್ರಯೋಗ ರದ್ದಾಯಿತೆಂದು ಸಿದ್ದಲಿಂಗೇಶ್‌ನ ಮೆಸೇಜ್ ಬಂತು. ಇನ್ನು ಸಾಕಪ್ಪ ಎಂದೆ. ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಒಮ್ಮೆ ಬಾಯಿ ಬಿಟ್ಟವನಿಗೆ ಹನ್ನೊಂದಕ್ಕೆ ನಿಲ್ಲಿಸಲು ಆಗಲಿಲ್ಲವೋ ಏನೋ.

"ಹಾರಿಕಾ," ಎಂದ.

ಏನಪ್ಪಾ ಎನ್ನುತ್ತ ಎದ್ದು ಅವನ ಹತ್ತಿರ ಹೋದೆ. ಅವನು ನನ್ನನ್ನು ನೋಡುತ್ತಿರಲಿಲ್ಲ.

"ಎರಡು ವರ್ಷದಾಕಿ. ಜ್ವರ ಬಂದು ಮೂರೇ ದಿನ. ನೀ ಆಮ್ಯಾಲೆ ಬಂದಿ."

ಹನ್ನೊಂದು ಮರಿಗಳ ನಡುವೆ ನಾನೂ ನಿಂತಿದ್ದೆ. ಅಪ್ಪ ಒಂದೊಂದರ ತಲೆ ಸವರುತ್ತ ಬಂದ, ನನ್ನದನ್ನೂ ಸವರಿದ.